ಅಡ್ರೆಸ್ ಕೇಳಬೇಡಿ

ನಮ್ಮ ಬೀದಿ ತಿರುವಿನ ಬೀಡಾ ಅಂಗಡಿಯಲ್ಲಿ ಒಂದು ರಟ್ಟು ತೂಗುತ್ತದೆ: ‘ಅಡ್ರೆಸ್ ಕೇಳಬೇಡಿ’. ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ‘ಪೆನ್ನು ಕೇಳಬೇಡಿ’. ಎದುರಿನ ದರ್ಶಿನಿಯಲ್ಲಿ ‘ಐನೂರಕ್ಕೆ ಚಿಲ್ಲರೆ ಇಲ್ಲ’. ಓದಿದರೆ ಸಾಕು, ಬರೆದವನ ಮುಖವೇ ಕಾಣುತ್ತದೆ. ಎಲೆಗೆ ಸುಣ್ಣ ಸವರುವ ಕೈ ನಿಲ್ಲಿಸಿ, ‘ಎಂಟನೇ ಕ್ರಾಸ್ ಎಲ್ಲಿ ಬರುತ್ತೆ’ ಎಂಬುದಕ್ಕೆ ದಿನಕ್ಕೆ ಇಪ್ಪತ್ತು ಸಲ ಉತ್ತರ ಹೇಳಿ, ರೋಸಿಹೋಗಿ, ಸಿಗರೇಟಿನ ಪೆಟ್ಟಿಗೆ ಹರಿದು ಬರೆದದ್ದು. ಪದೇ ಪದೇ ಕೇಳಿದ ಪ್ರಶ್ನೆ ಎಂದರೆ ಅದು.

ಕಂಪನಿಗಳ ಜಾಲತಾಣದಲ್ಲೂ ಈ ಹೆಸರಿನದೊಂದು ಪುಟ ಇರುತ್ತದೆ. ಅದನ್ನು ನಾನು ಶ್ರದ್ಧೆಯಿಂದ ಓದಿದ್ದು ಆನ್‌ಲೈನಿನಲ್ಲಿ ಮಿಕ್ಸಿ ತರಿಸಿದಾಗ. ದೊಡ್ಡ ಜಾರು ಕೂತಿತು, ಚಟ್ನಿ ಜಾರು ಕೂರಲಿಲ್ಲ. ತಿರುಗಿಸಿದೆ, ಅದುಮಿದೆ. ‘ಬಿಡಿ, ಮುರಿದು ಹಾಕ್ತೀರಿ’ ಎಂದು ಹೆಂಡತಿ ಕಿತ್ತುಕೊಂಡಳು. ಸರಿ, ತಾಣ ತೆರೆದೆ. ಮೊದಲ ಪ್ರಶ್ನೆ: ‘ನಮ್ಮ ಮಿಕ್ಸಿಯನ್ನೇ ಏಕೆ ಕೊಳ್ಳಬೇಕು?’ ಎರಡನೆಯದು: ‘ನಮ್ಮ ಗುಣಮಟ್ಟದ ಗುಟ್ಟೇನು?’

ಯಾವ ಪುಣ್ಯಾತ್ಮ ಪದೇ ಪದೇ ಫೋನು ಮಾಡಿ ಇದನ್ನು ಕೇಳಿದನೋ! ಅದೂ ಕೇಳುವಾಗ ‘ನಿಮ್ಮ’ ಎನ್ನದೆ ‘ನಮ್ಮ’ ಎಂದನೇ? ಹೆಣ್ಣು ನೋಡಲು ಬಂದ ಗಂಡಿನ ಸೋದರಮಾವ, ಯಾರೂ ಕೇಳದಿದ್ದರೂ ‘ನಮ್ಮ ಹುಡುಗನಿಗೆ ಸಂಬಳ ಎಷ್ಟು ಅಂತ ಕೇಳ್ತೀರಾ?’ ಎಂದು ತಾನೇ ಶುರುಮಾಡುವುದು ನೆನಪಾಯಿತು.

ಹನ್ನೊಂದನೆಯ ಪ್ರಶ್ನೆ ನನ್ನದೇ ಇತ್ತು. ‘ಜಾರು ಸರಿಯಾಗಿ ಕೂರದಿದ್ದರೆ ಏನು ಮಾಡಬೇಕು?’ ಉತ್ತರ: ‘ಜಾರನ್ನು ಸರಿಯಾಗಿ ಕೂರಿಸಿ. ಸಮಸ್ಯೆ ಮುಂದುವರಿದರೆ ನಮ್ಮನ್ನು ಸಂಪರ್ಕಿಸಿ.’ ಸಂಪರ್ಕದ ಪುಟಕ್ಕೆ ಹೋದರೆ, ‘ಬರೆಯುವ ಮೊದಲು ನಮ್ಮ ಪ್ರಶ್ನೋತ್ತರಗಳನ್ನು ಓದಿ.’ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಾದರೂ ವಾಸಿ, ಕೊಟ್ಟಿಗೆಯ ದಾರಿಯನ್ನಾದರೂ ತೋರಿಸುತ್ತಾರೆ.

ಇಂಗ್ಲಿಷಿನಲ್ಲಿ ಎಫ್‌ಎಕ್ಯೂ ಎಂದು ಕರೆಯುವ ಈ ಪದ್ಧತಿಯ ಹುಟ್ಟಿಗೂ ಬೀಡಾ ಅಂಗಡಿಯ ರೇಜಿಗೆಯೇ ಕಾರಣ. 1980ರ ದಶಕದಲ್ಲಿ ಬಾಹ್ಯಾಕಾಶದ ಬಗ್ಗೆ ಮಿಂಚಂಚೆಯಲ್ಲಿ ಹರಟುತ್ತಿದ್ದ ಗುಂಪೊಂದಕ್ಕೆ ಹೊಸಬರು ಬಂದಂತೆಲ್ಲ ಅವವೇ ಪ್ರಶ್ನೆಗಳು ಬರುತ್ತಿದ್ದವು. ಅವುಗಳ ಉತ್ತರಗಳನ್ನು ಒಂದೆಡೆ ಕಲೆಹಾಕಿ ಆಗಾಗ ಎಲ್ಲರಿಗೂ ಕಳಿಸುವ ರೂಢಿಯನ್ನು ನಾಸಾದ ಯುಜೀನ್ ಮಿಯಾ ಹಾಕಿಕೊಟ್ಟರು ಎನ್ನುತ್ತಾರೆ. ಮೊದಲು ಕಾಟ, ಆಮೇಲೆ ಪಟ್ಟಿ. ಈಗ ತಾಣದ ಪ್ರಾರಂಭೋತ್ಸವಕ್ಕೆ ಮುಂಚೆಯೇ, ಒಬ್ಬ ಗಿರಾಕಿಯೂ ಹೊಸಿಲು ತುಳಿಯದಿರುವಾಗಲೇ ಪಟ್ಟಿ ಸಿದ್ಧ. ಬರೆಯುವವನು ಮೂರನೇ ಮಹಡಿಯ ಎ.ಸಿ.ಯಲ್ಲಿ ಕೂತಿರುತ್ತಾನೆ, ದಿನವಿಡೀ ಬೈಗುಳದ ಜೊತೆ ನಿಜವಾದ ಪ್ರಶ್ನೆಗಳನ್ನು ಕೇಳಿಸಿಕೊಳ್ಳುವ ಹುಡುಗಿ ಇನ್ನೆಲ್ಲೋ ಹೆಡ್‌ಫೋನು ಸಿಕ್ಕಿಸಿಕೊಂಡಿರುತ್ತಾಳೆ. ಇಬ್ಬರೂ ಒಂದು ದಿನ ಜೊತೆಗೆ ಕಾಫಿ ಕುಡಿದಿದ್ದರೆ ನನ್ನ ಚಟ್ನಿ ಅಂದೇ ಆಗುತ್ತಿತ್ತು.

ಎಷ್ಟೋ ಪುಟಗಳನ್ನು ಗಿರಾಕಿಗೆಂದು ಬರೆದದ್ದೂ ಅಲ್ಲ, ಗೂಗಲ್‌ಗೆಂದು ಬರೆದದ್ದು. ಹುಡುಕಿದಾಗ ತಾಣದ ಹೆಸರಿನ ಕೆಳಗೇ ಪ್ರಶ್ನೋತ್ತರಗಳೂ ಕಾಣಿಸಿಕೊಂಡು ಜಾಗ ಹಿಡಿಯುತ್ತವೆಂಬ ಆಸೆಗೆ ಕಂಪನಿಗಳು ಪ್ರಶ್ನೆಗಳನ್ನು ಹೆತ್ತದ್ದೇ ಹೆತ್ತದ್ದು. 2023ರ ಆಗಸ್ಟಿನಲ್ಲಿ ಗೂಗಲ್ಲೇ ಬೇಸತ್ತು, ಸರ್ಕಾರದ ಮತ್ತು ಆರೋಗ್ಯದ ಹೆಸರಾಂತ ತಾಣಗಳಿಗಷ್ಟೇ ಆ ಸವಲತ್ತು ಎಂದಿತು. ಹೆತ್ತ ಪ್ರಶ್ನೆಗಳು ಮಾತ್ರ ಅನಾಥವಾಗಿ ಅಲ್ಲೇ ಉಳಿದುಕೊಂಡಿವೆ.

ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಸಮಿತ್ತು ಹಿಡಿದು ಪಿಪ್ಪಲಾದ ಋಷಿಯ ಬಳಿ ಹೋಗುತ್ತಾರೆ. ಒಂದು ವರ್ಷ ಇಲ್ಲೇ ವ್ರತದಲ್ಲಿರಿ, ಆಮೇಲೆ ಬೇಕಾದ್ದು ಕೇಳಿ, ನಮಗೆ ತಿಳಿದಿದ್ದರೆ ಹೇಳುತ್ತೇವೆ ಎಂಬುದು ಋಷಿಯ ಕರಾರು. ವರ್ಷಗಟ್ಟಲೆ ಕಾಯಿಸುವ ಭಾಗವನ್ನು ನಮ್ಮ ಕಸ್ಟಮರ್ ಕೇರ್‌ನವರು ಚೆನ್ನಾಗಿಯೇ ಕಲಿತಿದ್ದಾರೆ. ‘ತಿಳಿದಿದ್ದರೆ’ ಎಂಬ ಮಾತನ್ನು ಯಾವ ಕಂಪನಿಯ ಪುಟದಲ್ಲೂ ನಾನು ಕಂಡಿಲ್ಲ.

ಇ-ಕಾಮರ್ಸ್‌ಗೆಂದೇ 2020ರಲ್ಲಿ ಬಂದ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಯ ಹೆಸರು, ವಿಳಾಸ ತಾಣದಲ್ಲಿರಬೇಕು. ದೂರು ತಲುಪಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಪುಟದ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳ ನಡುವೆ ಅವರನ್ನು ಪತ್ತೆ ಹಚ್ಚಿ ಬರೆದೆ. ಸರಿಯಾಗಿ ನಲವತ್ತೇಳನೆಯ ಗಂಟೆಗೆ ದೂರು ತಲುಪಿದೆ ಎಂಬ ಉತ್ತರ ಬಂತು. ಇನ್ನು ತಿಂಗಳು. ಚಟ್ನಿ ಅಷ್ಟು ದಿನ ಕಾಯುವುದಿಲ್ಲ.

ಮಿಕ್ಸಿಯನ್ನು ಚೀಲಕ್ಕೆ ಹಾಕಿಕೊಂಡು ಮಾರ್ಕೆಟ್ಟಿನ ಹಿಂದಿನ ರಿಪೇರಿ ಅಂಗಡಿಗೆ ಹೋದೆ. ಚೀಲದಿಂದ ಇಣುಕುತ್ತಿದ್ದ ಬಣ್ಣ ನೋಡಿದವನೇ, ‘ಚಟ್ನಿ ಜಾರು ಕೂರ್ತಿಲ್ಲ ಅಲ್ವಾ ಸಾರ್?’ ಎಂದ. ಜಾರಿನ ತಳದ ಕಪ್ಲರ್ ಬಿಚ್ಚಿ, ಡಬ್ಬಿಯಿಂದ ಇನ್ನೊಂದು ತೆಗೆದು ತಿರುಗಿಸಿ, ಕೂರಿಸಿ, ಗುರ್ರೆಂದು ಓಡಿಸಿ ತೋರಿಸಿದ. ಅರವತ್ತು ರೂಪಾಯಿ.

‘ಇದೇ ಕಂಪನಿದು ವಾರಕ್ಕೆ ನಾಲ್ಕು ಬರ್ತವೆ.’

‘ಹಂಗಾದ್ರೆ ಕಪ್ಲರ್ ಬದಲಾಯಿಸಿದ್ರೆ ಸಾಕು ಅಂತ ಒಂದು ಬೋರ್ಡು ಬರೆದು ಹಾಕಬಾರದೇನಪ್ಪಾ?’

ಆತ ನನ್ನ ಮುಖ ನೋಡಿದ. ‘ನಾನ್ಯಾಕೆ ಬರೀಲಿ ಸಾರ್?’