ಚಿಕ್ಕಪ್ಪನ ಸೈಕಲ್ ‘ಇತರೆ’ಯಲ್ಲಿತ್ತು

ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟ ಸೈಕಲ್ ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಇನ್ನೂ ಇದೆ? ನಮ್ಮ ಮನೆಯಲ್ಲಿದೆ. ಚೈನು ತುಕ್ಕು ಹಿಡಿದಿದೆ, ಸೀಟಿನ ಮೇಲೆ ಕೋಳಿ ಕೂರುತ್ತದೆ. ಆದರೂ ಅವ್ವ ಅದನ್ನು ಗುಜರಿಗೆ ಹಾಕಲು ಬಿಟ್ಟಿಲ್ಲ. 2006-07ರಲ್ಲಿ ಶುರುವಾದ ಆ ಯೋಜನೆ ಇಲ್ಲದಿದ್ದರೆ, ನಾಲ್ಕು ಕಿಲೋಮೀಟರ್ ದೂರದ ಹೈಸ್ಕೂಲಿಗೆ ನನ್ನನ್ನು ಕಳಿಸುತ್ತಿದ್ದರೋ ಇಲ್ಲವೋ ಗೊತ್ತಿಲ್ಲ.

ಪತ್ರಿಕೋದ್ಯಮ ಓದಿ ಕೆ.ಆರ್. ಪೇಟೆ ಕಡೆಯಿಂದ ಬೆಂಗಳೂರಿಗೆ ಹೋದಾಗ ಸಿಕ್ಕ ಮೊದಲ ಕೆಲಸವೂ ಸೈಕಲ್ಲಿನದ್ದೇ ಆಗಿತ್ತು. ಐದು ಜನರ ಒಂದು ಸಣ್ಣ ತಂಡ ವೆಬ್‌ಸೈಟ್ ಮಾಡುತ್ತಿತ್ತು. ನಗರದಲ್ಲಿ ಸೈಕಲ್ ಓಡಿಸುವವರಿಗೆ ಎಲ್ಲಿ ಏನು ತೊಂದರೆ, ಏನು ಸರಿಯಾಗಬೇಕು ಅಂತ ಜನರೇ ಹೇಳುವ ವೆಬ್‌ಸೈಟ್ ಅದು. ಕನ್ನಡದಲ್ಲಿ ಬರೆಯಲು ಒಬ್ಬರು ಬೇಕಿತ್ತು, ನನ್ನನ್ನು ಸೇರಿಸಿಕೊಂಡರು.

ಆಗ ಅದಕ್ಕೆ ಸಮಯವೂ ಕೂಡಿಬಂದಿತ್ತು. 2020ರಲ್ಲಿ ಕೊರೊನಾ ಬಂದು ಜನ ಬಸ್ ಹತ್ತಲು ಹೆದರುತ್ತಿದ್ದಾಗ, ಕೇಂದ್ರ ಸರ್ಕಾರ ಸೈಕಲ್ಲಿಗೆ ದಾರಿ ಮಾಡಿಕೊಡಿ ಅಂತ ನಗರಗಳ ನಡುವೆ ಒಂದು ಸ್ಪರ್ಧೆಯನ್ನೇ ಇಟ್ಟಿತ್ತು. ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಸೈಕಲ್ಲಿಗೆ ಅಂತಲೇ ಒಂದು ಪಟ್ಟಿ ಬಿಟ್ಟರು. ಸ್ವಲ್ಪ ದಿನಕ್ಕೆ ಅದರೊಳಗೆ ಬೈಕುಗಳು ನುಗ್ಗಿದವು, ಗಡಿಗೆ ನಿಲ್ಲಿಸಿದ್ದ ಗೂಟಗಳು ಮುರಿದವು. ಎಲ್ಲಿ ಏನು ಬೇಕು ಅನ್ನುವುದನ್ನು ಓಡಿಸುವವರನ್ನೇ ಕೇಳೋಣ ಅನ್ನುವುದು ನಮ್ಮ ತಂಡದ ಆಸೆಯಾಗಿತ್ತು.

ನಮಗೆ ಮಾದರಿಯೂ ಒಂದಿತ್ತು. ಬ್ರಿಟನ್ನಿನಲ್ಲಿ 2007ರಿಂದ ‘ಫಿಕ್ಸ್‌ಮೈಸ್ಟ್ರೀಟ್’ ಅನ್ನೋ ವೆಬ್‌ಸೈಟ್ ಇದೆ. ಗುಂಡಿ ಇರುವ ಜಾಗವನ್ನು ಮ್ಯಾಪಿನಲ್ಲಿ ಗುರುತು ಮಾಡಿ ನಾಲ್ಕು ಸಾಲು ಬರೆದರೆ ಸಾಕು, ಅದು ಸಂಬಂಧಪಟ್ಟ ಸ್ಥಳೀಯ ಆಡಳಿತಕ್ಕೆ ಹೋಗುತ್ತದೆ. ಯಾವ ಕಚೇರಿಗೆ ಹೋಗಬೇಕು ಅಂತ ದೂರು ಕೊಡುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೆಂಗಳೂರಿಗೆ ಇದು ಬಹಳ ಬೇಕಾದ ಗುಣ. ಯಾಕೆಂದರೆ ಅಲ್ಲಿ ಗಲ್ಲಿ ರಸ್ತೆ ಪಾಲಿಕೆಯದ್ದು, ಒಳಚರಂಡಿಯ ಮ್ಯಾನ್‌ಹೋಲ್ ಜಲಮಂಡಳಿಯದ್ದು, ಹೆದ್ದಾರಿ ಇನ್ನೊಬ್ಬರದ್ದು, ಸಿಗ್ನಲ್ ನೋಡಿಕೊಳ್ಳುವವರು ಪೊಲೀಸರು. ನಮ್ಮೂರಿನಲ್ಲಾದರೆ ಪಿಡಿಒ ಸಾಹೇಬರನ್ನು ಹುಡುಕಿದರೆ ಸಾಕು.

ಮೂರು ತಿಂಗಳು ಕೂತು ಕೆಲಸ ಮಾಡಿದೆವು. ಚಂದದ ಹಸಿರು ಬಣ್ಣ, ಹೆಲ್ಮೆಟ್ ಹಾಕಿದ ಹುಡುಗಿಯ ಚಿತ್ರ. ಮೊದಲು ಇಮೇಲ್ ಕೊಟ್ಟು ಲಾಗಿನ್ ಆಗಬೇಕು, ಆಮೇಲೆ ಮ್ಯಾಪಿನಲ್ಲಿ ಗುರುತು ಇಡಬೇಕು. ನಂತರ ಕೆಲವು ಪ್ರಶ್ನೆಗಳು. ‘ನೀವು ಸೈಕಲ್ ಓಡಿಸುವುದು ಯಾತಕ್ಕೆ?’ ಅಂತ ಒಂದು ಪ್ರಶ್ನೆ. ವ್ಯಾಯಾಮ, ಹವ್ಯಾಸ, ಪರಿಸರ ಕಾಳಜಿ, ಇತರೆ ಅಂತ ನಾಲ್ಕು ಉತ್ತರ. ಅದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತಂದವಳು ನಾನೇ. ಆಗ ನನಗೇನೂ ಅನ್ನಿಸಲಿಲ್ಲ.

ವೆಬ್‌ಸೈಟ್ ತೆರೆದ ಮೊದಲ ವಾರದಲ್ಲೇ ಗುರುತುಗಳು ಬರತೊಡಗಿದವು. ಎಲ್ಲರಿಗೂ ಖುಷಿಯಾಯಿತು. ಕೆರೆಯ ಸುತ್ತ ಸೈಕಲ್ ದಾರಿ ಬೇಕು, ಕಾಫಿ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಲು ಜಾಗ ಬೇಕು, ಭಾನುವಾರ ಬೆಳಿಗ್ಗೆ ರಸ್ತೆ ಬಂದ್ ಮಾಡಿ. ತಪ್ಪೇನಲ್ಲ, ಬೇಕಾದವೇ. ಆದರೆ ಒಂದು ದಿನ ಇಡೀ ಮ್ಯಾಪನ್ನು ದೊಡ್ಡ ಪರದೆಯ ಮೇಲೆ ಹಾಕಿ ನೋಡಿದೆವು. ಐಟಿ ಕಂಪನಿಗಳಿರುವ ಪೂರ್ವದ ಕಡೆ ಗುರುತುಗಳ ಮೇಲೆ ಗುರುತು, ಪಶ್ಚಿಮಕ್ಕೆ ಬಂದರೆ ಬಯಲು. ಪೀಣ್ಯದಲ್ಲಿ ಒಂದೂ ಇಲ್ಲ.

ಪೀಣ್ಯ ನನಗೆ ಗೊತ್ತಿದ್ದ ಜಾಗ. ನಮ್ಮ ಕಡೆಯ ಎಷ್ಟೋ ಜನ ಅಲ್ಲಿನ ಕಾರ್ಖಾನೆಗಳಲ್ಲಿದ್ದಾರೆ. ನಮ್ಮ ಚಿಕ್ಕಪ್ಪ ಲಗ್ಗೆರೆಯಲ್ಲಿ ಮನೆ ಮಾಡಿಕೊಂಡು, ಅಲ್ಲಿಂದ ದಿನಾ ಸೈಕಲ್ಲಿನಲ್ಲೇ ಲೇತ್ ಮಷಿನ್ ಕೆಲಸಕ್ಕೆ ಹೋಗುತ್ತಾರೆ. ಶಿಫ್ಟ್ ಬದಲಾಗುವ ಹೊತ್ತಿಗೆ ಹೋಗಿ ನಿಂತರೆ ಕ್ಯಾರಿಯರಿಗೆ ಡಬ್ಬಿ ಸಿಕ್ಕಿಸಿಕೊಂಡು ಹೋಗುವವರ ಸಾಲೇ ಕಾಣುತ್ತದೆ. 2011ರ ಜನಗಣತಿಯಲ್ಲಿ, ಕೆಲಸಕ್ಕೆ ಹೇಗೆ ಹೋಗುತ್ತೀರಿ ಅಂತ ದೇಶದಲ್ಲಿ ಕೇಳಿದ್ದರು. ಬೇಸಾಯ, ಮನೆಗೆಲಸದ ಉದ್ದಿಮೆ ಬಿಟ್ಟು ಬೇರೆ ಕೆಲಸ ಮಾಡುವವರಲ್ಲಿ ನೂರಕ್ಕೆ ಸುಮಾರು 13 ಜನ ಸೈಕಲ್ಲಿನಲ್ಲಿ ಹೋಗುತ್ತೇವೆ ಅಂದಿದ್ದರು. ಅವರ್ಯಾರೂ ನಮ್ಮ ಮ್ಯಾಪಿನಲ್ಲಿ ಇರಲಿಲ್ಲ.

ಆ ಭಾನುವಾರ ಲಗ್ಗೆರೆಗೆ ಹೋದೆ. ಊಟ ಆದ ಮೇಲೆ ಫೋನ್ ಕೈಗಿಟ್ಟು, “ಚಿಕ್ಕಪ್ಪ, ನೀವೇ ಇದನ್ನ ತುಂಬಿ, ನಾನು ಸುಮ್ನೆ ನೋಡ್ತಾ ಕೂರ್ತೀನಿ” ಅಂದೆ.

ಇಮೇಲ್ ಕೇಳಿತು. “ಅದು ನಿನ್ನ ತಮ್ಮಂಗೆ ಗೊತ್ತು ಕಣವ್ವ” ಅಂದರು. ತಮ್ಮ ಬಂದು ಅದನ್ನು ಹಾಕಿಕೊಟ್ಟ. ಆಮೇಲೆ ಮ್ಯಾಪ್ ಬಂತು. ಲೇತ್ ಹಿಡಿದು ದಪ್ಪಗಾದ ಬೆರಳು, ಚಿಕ್ಕ ಪರದೆ. ಒಂದು ಸಲ ಎಳೆದರೆ ನೆಲಮಂಗಲ, ಇನ್ನೊಂದು ಸಲ ಎಳೆದರೆ ಹೊಸಕೋಟೆ. ಐದು ನಿಮಿಷ ಒದ್ದಾಡಿ ನನ್ನ ಮುಖ ನೋಡಿದರು.

“ನಾನು ಹೋಗೋ ದಾರಿ ಕಣ್ಮುಚ್ಕೊಂಡು ಹೇಳ್ತೀನಿ ಕಣವ್ವ. ಅದು ಮೇಲಿಂದ ನೋಡುದ್ರೆ ಎಂಗ್ ಕಾಣ್ತದೆ ಅಂತ ನಂಗೇನ್ ಗೊತ್ತು?”

ಗುರುತನ್ನು ನಾನೇ ಇಟ್ಟೆ. ಯಾತಕ್ಕೆ ಓಡಿಸುತ್ತೀರಿ ಅನ್ನೋ ಪ್ರಶ್ನೆ ಬಂತು. ನಾಲ್ಕನ್ನೂ ನಿಧಾನಕ್ಕೆ ಓದಿದರು. “ಕೆಲಸಕ್ಕೆ ಹೋಗೋದು ಇಲ್ಲಿಲ್ವಲ್ಲ” ಅಂದು ‘ಇತರೆ’ ಒತ್ತಿದರು.

ನನಗೆ ನಾಚಿಕೆಯಾಯಿತು. ಇಪ್ಪತ್ತು ವರ್ಷದಿಂದ ದಿನಾ ಎರಡು ಹೊತ್ತು ಸೈಕಲ್ ತುಳಿದ ಮನುಷ್ಯ ‘ಇತರೆ’. ಆ ಪದ ಬರೆದಿದ್ದು ನಾನು. ಸರ್ಕಾರದ ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋದವಳಿಗೂ, ಜನ ಕೆಲಸಕ್ಕೆ, ಶಾಲೆಗೆ ಸೈಕಲ್ ತುಳಿಯುತ್ತಾರೆ ಅನ್ನೋದು ಎಸಿ ರೂಮಿನಲ್ಲಿ ಕೂತಾಗ ಮರೆತುಹೋಗಿತ್ತು.

ಫೋನ್ ಪಕ್ಕಕ್ಕಿಟ್ಟು, “ಸುಮ್ನೆ ಬಾಯಲ್ಲಿ ಹೇಳಿ” ಅಂದೆ. ಆಗ ಶುರುವಾಯಿತು ನೋಡಿ. ಮೋರಿಯ ಮೇಲಿನ ಕಬ್ಬಿಣದ ಜಾಲರಿಯ ಕಥೆ ಹೇಳಿದರು. ಅದರ ಸರಳುಗಳು ನಾವು ಹೋಗುವ ದಿಕ್ಕಿಗೇ ಉದ್ದುದ್ದ ಇವೆ. ಬೈಕಿನ ದಪ್ಪ ಟಯರು ಅದರ ಮೇಲೆ ದಾಟಿ ಹೋಗುತ್ತದೆ, ಸೈಕಲ್ಲಿನ ಚಕ್ರ ಸಂದಿಗೆ ಇಳಿದುಬಿಡುತ್ತದೆ. ಒಂದು ರಾತ್ರಿ ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ಅಲ್ಲಿ ದೀಪ ಕೆಟ್ಟಿತ್ತು. ಬಿದ್ದರು. ಮೊಣಕೈ ತರಚಿ, ಮಣಿಕಟ್ಟು ಊದಿ, ನಾಲ್ಕು ದಿನದ ಸಂಬಳ ಹೋಯಿತು. “ಜಾಲರಿ ಸರಳ ಅಡ್ಡಡ್ಡ ಹಾಕುದ್ರೆ ಆಗೋಯ್ತದೆ. ಒಂದು ಗಂಟೆ ವೆಲ್ಡಿಂಗ್ ಕೆಲಸ” ಅಂದರು.

ನಮ್ಮ ವೆಬ್‌ಸೈಟಿನಲ್ಲಿ ಸಮಸ್ಯೆಗಳ ದೊಡ್ಡ ಪಟ್ಟಿಯೇ ಇತ್ತು. ಅದರಲ್ಲಿ ಜಾಲರಿ ಅನ್ನುವ ಮಾತೇ ಇರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಚಿಕ್ಕಮ್ಮ ಇನ್ನೊಂದು ಮಾತು ಹೇಳಿದರು. “ನಾನೂ ಗಾರ್ಮೆಂಟ್ಸಿಗೆ ಸೈಕಲ್ಲಲ್ಲೇ ಹೋಯ್ತಿದ್ದೆ. ಲಾರಿ ಹಿಂದಿಂದ ಹಾರ್ನ್ ಹೊಡ್ಕೊಂಡು ಬರೋದು ನೋಡಿ ಬಿಟ್ಬುಟ್ಟೆ.” ಸೈಕಲ್ ಓಡಿಸುವವರನ್ನು ಮಾತ್ರ ನಾವು ಕೇಳುತ್ತಿದ್ದೆವು, ಹೆದರಿ ಬಿಟ್ಟವರನ್ನು ಕೇಳಿರಲೇ ಇಲ್ಲ. ಹಾಗೆ ನೋಡಿದರೆ ನಾನೂ ಬಿಟ್ಟವಳೇ. ಬೆಂಗಳೂರಿಗೆ ಬಂದ ಮೇಲೆ ಒಂದು ದಿನವೂ ಸೈಕಲ್ ಹತ್ತಿರಲಿಲ್ಲ.

ಸೋಮವಾರ ಆಫೀಸಿನಲ್ಲಿ ಇದನ್ನೆಲ್ಲ ಹೇಳಿದೆ. ವಾದವಾಯಿತು. ಲಾಗಿನ್ ತೆಗೆದರೆ ಸುಳ್ಳು ದೂರು ಬರುತ್ತೆ ಅಂತ ಒಬ್ಬರು, ಮಾತಿನಲ್ಲಿ ಬಂದದ್ದನ್ನು ಯಾರು ಕೇಳಿ ಬರೆಯೋದು ಅಂತ ಇನ್ನೊಬ್ಬರು. ನಾನು ಬರೆಯುತ್ತೇನೆ ಅಂದೆ. ಕೊನೆಗೆ ಒಪ್ಪಿದರು.

ಇಮೇಲ್ ತೆಗೆದೆವು. ಕನ್ನಡವನ್ನು ಮೊದಲು ಇಟ್ಟೆವು. ಮ್ಯಾಪ್ ಬರದಿದ್ದರೆ ‘ಯಾವ ದೇವಸ್ಥಾನ, ಯಾವ ಬಸ್ ಸ್ಟಾಪ್, ಯಾವ ಬೇಕರಿ ಹತ್ತಿರ?’ ಅಂತ ಹೇಳಿದರೆ ಸಾಕು, ಗುರುತು ನಾವಿಡುತ್ತೇವೆ ಅಂದೆವು. ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸಲು ಒಂದು ನಂಬರ್ ಇಟ್ಟೆವು. ‘ಎಷ್ಟು ಹೊತ್ತಿನಲ್ಲಿ ಓಡಾಡುತ್ತೀರಿ?’ ಅಂತ ಕೇಳಿದೆವು, ಯಾಕೆಂದರೆ ಹಗಲು ಸಮೀಕ್ಷೆಗೆ ಹೋದವರಿಗೆ ಕೆಟ್ಟ ದೀಪ ಕಾಣುವುದಿಲ್ಲ. ‘ಸೈಕಲ್ ಬಿಟ್ಟಿದ್ದರೆ ಯಾಕೆ ಬಿಟ್ಟಿರಿ?’ ಅನ್ನುವುದನ್ನೂ ಸೇರಿಸಿದೆವು. ‘ಯಾತಕ್ಕೆ’ ಅನ್ನುವ ಪ್ರಶ್ನೆಯಲ್ಲಿ ‘ಕೆಲಸಕ್ಕೆ’ ಅನ್ನುವುದು ಮೊದಲನೆಯದಾಯಿತು.

ಇಷ್ಟೆಲ್ಲ ಮಾಡಿದರೂ ಜನ ತಾವಾಗಿಯೇ ಬರಲಿಲ್ಲ. ಆಗ ಪಂಕ್ಚರ್ ಅಂಗಡಿಗಳಿಗೆ ಹೋದೆವು. ಸೈಕಲ್ಲಿನವರು ಹತ್ತು ನಿಮಿಷ ಸುಮ್ಮನೆ ನಿಲ್ಲುವ ಜಾಗ ಅಂದರೆ ಅದೊಂದೇ. ಗಾಳಿ ಪಂಪಿನ ಪಕ್ಕ ನಮ್ಮ ನಂಬರಿನ ಚೀಟಿ ಅಂಟಿಸಿ ಮಾತಾಡಿಸಿದೆವು. ಪೇಪರ್ ಹಾಕುವ ಹುಡುಗರು, ಸೆಕ್ಯುರಿಟಿಯವರು, ಗಾರೆ ಕೆಲಸದವರು ಎಲ್ಲ ಮಾತಾಡಿದರು. ತಿಂಗಳೊಳಗೆ ಪಶ್ಚಿಮದಲ್ಲೂ ಗುರುತು ಮೂಡಿದವು.

ಬಂದ ಪ್ರತಿ ದೂರಿಗೂ ನಾಲ್ಕರಲ್ಲಿ ಒಂದು ಉತ್ತರ ಕಳಿಸುವುದು ನಮ್ಮ ನಿಯಮವಾಯಿತು: ಬಂದಿದೆ, ಕಚೇರಿಗೆ ಕಳಿಸಿದ್ದೇವೆ, ಆಯಿತು, ಆಗಲ್ಲವಂತೆ, ಕಾರಣ ಇದು. ಕೊನೆಯದನ್ನು ಕಳಿಸುವುದೇ ಕಷ್ಟದ ಕೆಲಸ. ಆದರೂ ಕಳಿಸಿದೆವು. “ಆಗಲ್ಲ ಅಂತಾನಾದ್ರೂ ಹೇಳಿದ್ರಲ್ಲ” ಅಂತ ಒಬ್ಬರು ವಾಪಸ್ ಮೆಸೇಜ್ ಮಾಡಿದ್ದರು.

ಚಿಕ್ಕಪ್ಪನ ಜಾಲರಿ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಓಡಾಡಿ ಐದು ತಿಂಗಳಿಗೆ ಅಡ್ಡ ಸರಳು ಕಂಡಿತು. ದೀಪ ನಾನು ಕೆಲಸ ಬಿಡುವ ತನಕ ಹತ್ತಿರಲಿಲ್ಲ. ಹಣ ಮುಗಿದು ವೆಬ್‌ಸೈಟ್ ನಿಂತಿತು, ನಾನು ಊರಿಗೆ ಬಂದೆ.

ಇದನ್ನೆಲ್ಲ ನಿಮಗೆ ಯಾಕೆ ಹೇಳುತ್ತಿದ್ದೇನೆ ಅಂದರೆ, ಈಗ ನಮ್ಮೂರಿಗೂ ಆ್ಯಪು, ಪೋರ್ಟಲ್ಲು ಬರುತ್ತಿವೆ. ಗ್ರಾಮಸಭೆ ಇದ್ದರೆ ಆಟೋಗೆ ಮೈಕ್ ಕಟ್ಟಿ ಕೇರಿ ಕೇರಿಗೆ ಹೋಗಿ ಕೂಗುತ್ತಾರೆ. ವೆಬ್‌ಸೈಟ್ ಹಾಗೆ ಕೂಗುವುದಿಲ್ಲ. ಅದು ಇದ್ದಲ್ಲೇ ಇರುತ್ತದೆ, ಬಂದವರನ್ನೇ ‘ಜನ’ ಅಂತ ಲೆಕ್ಕ ಹಾಕುತ್ತದೆ. ಹಾಗಾಗಿ ‘ಜನರ ಅಭಿಪ್ರಾಯ ಕೇಳಿದ್ದೇವೆ’ ಅಂತ ಯಾರಾದರೂ ಹೇಳಿದರೆ, ಯಾವ ಕೇರಿಯವರು ಹೇಳಿದರು, ಯಾರು ಹೇಳಲಿಲ್ಲ ಅಂತ ಕೇಳಿ ನೋಡಿ.

ಮೊನ್ನೆ ಚಿಕ್ಕಪ್ಪ ಹಬ್ಬಕ್ಕೆ ಬಂದಿದ್ದರು. ಹಿತ್ತಲಿನಲ್ಲಿದ್ದ ನನ್ನ ಹಳೇ ಸೈಕಲ್ ಎತ್ತಿ ನಿಲ್ಲಿಸಿ, ಚಕ್ರ ತಿರುಗಿಸಿ ನೋಡಿ, “ಚೈನು, ಎರಡು ಟ್ಯೂಬು ಹಾಕುದ್ರೆ ಓಡ್ತದೆ ಕಣವ್ವ” ಅಂದರು. ಹಾಕಿಸಬೇಕು ಅಂದುಕೊಂಡಿದ್ದೇನೆ. ಪಂಚಾಯ್ತಿ ಆಫೀಸಿಗೆ ಎರಡೇ ಕಿಲೋಮೀಟರ್.