ಅಮ್ಮನ ಜೊತೆ ಹುಳಿ ಬಿಯರ್ ಮ್ಯೂಸಿಯಂನಲ್ಲಿ

"ಮ್ಯೂಸಿಯಂ ಅಂತ ಹೇಳಿ ಹೆಂಡದ ಅಂಗಡಿಗೆ ಕರ್ಕೊಂಡ್ ಬಂದಿದೀಯಲ್ಲೋ!"

ಬಾಗಿಲಲ್ಲೇ ನಿಂತು ಅಮ್ಮ ಕೇಳಿದ ಮಾತಿದು. ನಾನು ಸುಳ್ಳು ಹೇಳಿರಲಿಲ್ಲ. ಬ್ರಸೆಲ್ಸ್‌ನ ಆಂಡರ್ಲೆಕ್ಟ್ ಬಡಾವಣೆಯ ಕ್ಯಾಂಟಿಯೋನ್ ಬ್ರೂವರಿ ನಿಜಕ್ಕೂ ಮ್ಯೂಸಿಯಂ ಕೂಡ ಹೌದು. 1900ರಲ್ಲಿ ಶುರುವಾದ ಇದು 1978ರಿಂದ ಜನರಿಗೆ ಬಾಗಿಲು ತೆರೆದಿದೆ. ಆದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟ ಹಳೇ ಸಾಮಾನು ನೋಡುವ ಜಾಗವಲ್ಲ. ಅದೇ ಹಳೇ ಸಾಮಾನುಗಳಲ್ಲಿ ಇವತ್ತಿಗೂ ಬಿಯರ್ ತಯಾರಾಗುತ್ತದೆ.

ಅಮ್ಮ ಶಿವಮೊಗ್ಗದಿಂದ ಬಂದು ಮೂರು ವಾರವಾಗಿತ್ತು. ಫೆಬ್ರವರಿ ಚಳಿ. ನನ್ನ ಪುಟ್ಟ ಫ್ಲ್ಯಾಟಿನಲ್ಲಿ ದೋಸೆ ಹಿಟ್ಟು ಎರಡು ಸಲ ಹುದುಗದೇ ಕೈಕೊಟ್ಟಿತ್ತು. ನಲವತ್ತು ವರ್ಷ ಅಡುಗೆ ಮಾಡಿದವಳಿಗೆ ಅದೊಂದು ಅವಮಾನವೇ. "ಈ ಊರಿನ ಗಾಳೀಲೇ ಏನೋ ಸರಿಯಿಲ್ಲ" ಅಂತ ಎರಡು ದಿನದಿಂದ ಮುಖ ಊದಿಸಿಕೊಂಡಿದ್ದಳು.

ನಾನು ಬಂದಿದ್ದು ಬೇರೆ ಆಸೆಗೆ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ಕಾಫಿ ಹಾಕಿದ ಸ್ಟೌಟ್, ಮಾವಿನ ಹಣ್ಣಿನ ಬಿಯರ್ ಎಲ್ಲ ರುಚಿ ನೋಡಿದ್ದೆ. ಪ್ರಯೋಗ ಅಂದರೆ ಹೊಸದೇನಾದರೂ ಸೇರಿಸುವುದು ಅಂದುಕೊಂಡಿದ್ದೆ. ಹುಳಿ ಬಿಯರ್ ಇಷ್ಟಪಡುವವರೆಲ್ಲ ಒಮ್ಮೆ ನೋಡಲೇಬೇಕು ಅನ್ನುವ ಜಾಗ ಇದು ಅಂತ ಸಹೋದ್ಯೋಗಿಗಳು ಹೇಳಿದ್ದರು.

ಒಳಗೆ ಕೈಗೊಂದು ಪುಸ್ತಿಕೆ ಕೊಟ್ಟರು. ಓದಿಕೊಂಡು ನಮ್ಮ ಪಾಡಿಗೆ ನಾವು ಸುತ್ತಬಹುದು. ಮೊದಲು ಮೊಳಕೆ ಬಾರ್ಲಿ, ಗೋಧಿ ಬೇಯಿಸುವ ದೊಡ್ಡ ತೊಟ್ಟಿ. ಬಾರ್ಲಿ ಸುಮಾರು 65 ಪಾಲು, ಉಳಿದದ್ದು ಗೋಧಿ. ಬಸಿದ ಸಿಹಿ ರಸಕ್ಕೆ ವರ್ಷಗಟ್ಟಲೆ ಹಳೆಯದಾದ ಹಾಪ್ಸ್ ಹಾಕಿ ಗಂಟೆಗಟ್ಟಲೆ ಕುದಿಸುತ್ತಾರೆ. ಹಾಪ್ಸ್ ಹಳೆಯದಾದರೆ ಕಹಿ ಕಡಿಮೆಯಾಗುತ್ತದೆ, ರಸ ಕೆಡದಂತೆ ಕಾಯುವ ಗುಣ ಉಳಿಯುತ್ತದೆ.

ಮರದ ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋದೆವು. ಅಲ್ಲಿ ತಾಮ್ರದ ಅಗಲವಾದ, ಆಳವಿಲ್ಲದ ತೊಟ್ಟಿ. ನಮ್ಮ ಕಡೆ ಬೆಲ್ಲದ ಪಾಕ ಸುರಿಯುವ ಕೊಪ್ಪರಿಗೆಯನ್ನು ಹತ್ತು ಪಟ್ಟು ಹಿಗ್ಗಿಸಿದ ಹಾಗೆ. ಅವತ್ತು ಖಾಲಿಯಿತ್ತು. ಕುದಿಸಿದ ರಸವನ್ನು ಇದಕ್ಕೆ ಸುರಿದು, ಗೋಡೆಯ ಕಿಂಡಿ ತೆರೆದು, ರಾತ್ರಿಯಿಡೀ ಹಾಗೇ ಬಿಡುತ್ತಾರೆ. ಪ್ಯಾಕೆಟ್ ಈಸ್ಟ್ ಹಾಕುವುದೇ ಇಲ್ಲ. ಊರಿನ ಗಾಳಿ, ಅಟ್ಟದ ಮರ, ಪೀಪಾಯಿಗಳಲ್ಲಿ ಮನೆ ಮಾಡಿಕೊಂಡ ಈಸ್ಟ್ ಮತ್ತು ಬ್ಯಾಕ್ಟೀರಿಯಾಗಳೇ ಇದನ್ನು ಹುದುಗಿಸುತ್ತವೆ. ಅವುಗಳಲ್ಲೊಂದು ಈಸ್ಟಿನ ಹೆಸರಲ್ಲೇ ಬ್ರಸೆಲ್ಸ್ ಇದೆ: ಬ್ರೆಟನೊಮೈಸಿಸ್ ಬ್ರುಕ್ಸೆಲೆನ್ಸಿಸ್.

ನಾನು ಇದನ್ನೆಲ್ಲ ಕನ್ನಡದಲ್ಲಿ ವಿವರಿಸುತ್ತಿದ್ದರೆ ಅಮ್ಮ ಮಧ್ಯದಲ್ಲೇ ತಡೆದಳು. "ಗೊತ್ತಾಯ್ತು ಬಿಡೋ. ದೋಸೆ ಹಿಟ್ಟಿಗೆ ನಾವೇನು ಈಸ್ಟ್ ಹಾಕ್ತೀವಾ?"

ಆಮೇಲಿಂದ ಅವಳೇ ಗೈಡ್. ಕೆಳಗೆ ಸಾಲು ಸಾಲು ಮರದ ಪೀಪಾಯಿ. ಮೂಲೆಯಲ್ಲಿ ಜೇಡರ ಬಲೆ. ಬೇರೆ ಕಡೆಯಾಗಿದ್ದರೆ ಪೊರಕೆ ಹುಡುಕುತ್ತಿದ್ದಳು. ಹಣ್ಣಿನ ನೊಣ ಹಿಡಿಯಲೆಂದೇ ಜೇಡಗಳನ್ನು ಓಡಿಸುವುದಿಲ್ಲ ಅಂತ ಓದಿ ಹೇಳಿದೆ. "ಜಾಣರು" ಅಂದಳು.

ಪೀಪಾಯಿಯಲ್ಲಿ ಹುಳಿಯುವ ಈ ಬಿಯರಿಗೆ ಲ್ಯಾಂಬಿಕ್ ಅಂತ ಹೆಸರು. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್ ಬೆರೆಸಿ ಬಾಟಲಿಗೆ ತುಂಬಿದರೆ ಗೂಜ್. ಎಳೆಯದರಲ್ಲಿ ಉಳಿದ ಸಕ್ಕರೆ ಬಾಟಲಿಯೊಳಗೆ ಮತ್ತೆ ಹುದುಗಿ ನೊರೆ ಬರಿಸುತ್ತದೆ. ಹುಳಿ ಚೆರ್ರಿ ನೆನೆಸಿದರೆ ಕ್ರೀಕ್. ರಾಸ್ಪ್‌ಬೆರಿ, ಏಪ್ರಿಕಾಟ್, ದ್ರಾಕ್ಷಿ ಹಾಕಿದವೂ ಇವೆ. 2008ರಿಂದ 'ಜ್ವಾನ್ಜ಼' ಅನ್ನುವ ಹೆಸರಿನಲ್ಲಿ ಪ್ರಯೋಗದ ಬಿಯರ್‌ಗಳನ್ನೂ ತರುತ್ತಾರೆ. ಆ ಪದಕ್ಕೆ ಬ್ರಸೆಲ್ಸ್ ಆಡುಮಾತಿನಲ್ಲಿ ತಮಾಷೆ ಅಂತ ಅರ್ಥ.

ಕೊನೆಯಲ್ಲಿ ರುಚಿ ನೋಡಲು ಕೊಟ್ಟರು. ಲ್ಯಾಂಬಿಕ್‌ನಲ್ಲಿ ನೊರೆಯೇ ಇಲ್ಲ. ನಿಂಬೆ ಸಿಪ್ಪೆ, ಹಳೇ ಮರದ ಪೆಟ್ಟಿಗೆ ನೆನಪಾಯಿತು. ಮೊದಲ ಗುಟುಕಿಗೆ ನನ್ನ ಕಣ್ಣು ಮುಚ್ಚಿಹೋಯಿತು. ಕ್ರೀಕ್ ಕೆಂಪಗೆ, ಸಿಹಿಯ ಹಂಗೇ ಇಲ್ಲದೆ ಚುರುಕಾಗಿತ್ತು. ಅಮ್ಮ ಕುಡಿಯಲಿಲ್ಲ. ಲೋಟ ಮೂಗಿಗೆ ಹಿಡಿದು, "ಮೂರು ದಿನದ ಹಿಟ್ಟು ಕಣೋ" ಅಂತ ತೀರ್ಪು ಕೊಟ್ಟಳು.

ಹೊರಡುವಾಗ ಅವಳೊಂದು ಪ್ರಶ್ನೆ ಕೇಳಿದಳು. "ನಮ್ಮ ಹಿಟ್ಟಿಗೆ ಬೆಚ್ಚಗಿರಬೇಕು. ಇವರು ಯಾಕೆ ಚಳೀಲೇ ಮಾಡ್ತಾರೆ?"

ಒಳ್ಳೇ ಪ್ರಶ್ನೆ. ರಸ ಬೆಳಗಾಗುವುದರೊಳಗೆ ಸುಮಾರು 20 ಡಿಗ್ರಿಗೆ ಇಳಿಯಬೇಕು. ಸೆಕೆಯಲ್ಲಿ ಅದು ನಿಧಾನಕ್ಕೆ ಆರುತ್ತದೆ, ಬೇಡದ ಬ್ಯಾಕ್ಟೀರಿಯಾ ಮೊದಲು ಸೇರಿ ಕೆಡಿಸಿಬಿಡುತ್ತವೆ. ಅದಕ್ಕೇ ತಣ್ಣನೆಯ ತಿಂಗಳುಗಳಲ್ಲಿ ಮಾತ್ರ ಕುದಿಸುವುದು. ಈಗ ಬ್ರೂವರಿ ನಡೆಸುವ ನಾಲ್ಕನೇ ತಲೆಮಾರಿನ ಜಾನ್ ವಾನ್ ರಾಯ್ ಅವರ ತಾತನ ಕಾಲದಲ್ಲಿ ಅಕ್ಟೋಬರ್ ಮಧ್ಯದಿಂದ ಮೇ ತನಕ ಕೆಲಸ ನಡೆಯುತ್ತಿತ್ತಂತೆ. ಈಗ ಹೆಚ್ಚೂಕಮ್ಮಿ ನವೆಂಬರ್‌ನಿಂದ ಮಾರ್ಚ್‌ವರೆಗೆ. 2015ರ ನವೆಂಬರ್‌ನಲ್ಲಿ ರಾತ್ರಿಗಳು ತಣ್ಣಗಾಗಲೇ ಇಲ್ಲ. ಕೆಲವು ಬ್ಯಾಚ್ ಕೈಬಿಡಬೇಕಾಯಿತು.

"ಮಿಷನ್ ಹಾಕಿ ತಣ್ಣಗೆ ಮಾಡಬಹುದಲ್ವಾ?" ಅಂದಳು. ಬೇರೆ ಬಿಯರ್‌ಗಳನ್ನು ಹಾಗೇ ಮಾಡುತ್ತಾರೆ. ಆದರೆ ಪೈಪಿನೊಳಗೆ ತಣ್ಣಗಾದ ರಸಕ್ಕೆ ಅಟ್ಟದ ಗಾಳಿ ತಾಗುವುದಿಲ್ಲ. ರಾತ್ರಿ ಗಾಳಿ ತಾಗದಿದ್ದರೆ ಅದು ಈ ಬಿಯರ್ರೇ ಅಲ್ಲ. ಪ್ರಯೋಗ ಅಂದರೆ ಏನಾದರೂ ಸೇರಿಸುವುದು ಅಂದುಕೊಂಡಿದ್ದೆನಲ್ಲ, ಇಲ್ಲಿನ ದೊಡ್ಡ ಧೈರ್ಯ ಏನನ್ನೂ ಸೇರಿಸದೆ ಕಿಟಕಿ ತೆರೆದು ಮಲಗುವುದು. ಆ ಕಿಟಕಿಯಾಚೆಯ ಚಳಿಯೇ ಈಗ ಕಮ್ಮಿಯಾಗುತ್ತಿದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಪಾಪ, ನೂರು ವರ್ಷದಿಂದ ಮಾಡ್ಕೊಂಡ್ ಬಂದಿದ್ದು" ಅಂದಳು. ಹೆಂಡದ ಅಂಗಡಿಯ ಬಗ್ಗೆ ಅವಳ ಬಾಯಲ್ಲಿ ಆ ಮಾತು ಬರುತ್ತೆ ಅಂತ ನಾನು ಕನಸಲ್ಲೂ ಎಣಿಸಿರಲಿಲ್ಲ.

ನೀವು ಆ ಕಡೆ ಹೋದರೆ, ಮಿಡಿ ರೈಲ್ವೆ ನಿಲ್ದಾಣದಿಂದ ನಡೆದೇ ಹೋಗಬಹುದು. ರಜೆ ಇರುವ ದಿನಗಳೂ ಇರುತ್ತವೆ, ಮೊದಲೇ ನೋಡಿಕೊಳ್ಳಿ. ಕುಡಿಯದವರೂ ಆರಾಮಾಗಿ ಸುತ್ತಬಹುದು. ನಮ್ಮಮ್ಮನೇ ಸಾಕ್ಷಿ.

ಅವತ್ತು ರಾತ್ರಿ ಅಮ್ಮ ಹಿಟ್ಟಿನ ಪಾತ್ರೆಗೆ ನನ್ನ ಉಣ್ಣೆ ಶಾಲು ಸುತ್ತಿ ಹೀಟರ್ ಪಕ್ಕ ಇಟ್ಟಳು. ಬೆಳಿಗ್ಗೆ ಉಕ್ಕಿ ಶಾಲಿಗೆಲ್ಲ ಮೆತ್ತಿಕೊಂಡಿತ್ತು. ಬೈಯುವ ಬದಲು ನಾನು ನಾಲ್ಕು ದೋಸೆ ಜಾಸ್ತಿ ತಿಂದೆ.

ಈಗ ಅವಳು ಶಿವಮೊಗ್ಗದಲ್ಲಿದ್ದಾಳೆ. ನವೆಂಬರ್ ಬಂದರೆ ಫೋನಿನಲ್ಲಿ ನನ್ನ ಆರೋಗ್ಯ ವಿಚಾರಿಸಿದ ಮೇಲೆ ಇನ್ನೊಂದು ಪ್ರಶ್ನೆ ತಪ್ಪುವುದಿಲ್ಲ:

"ಅಲ್ಲಿ ಚಳಿ ಶುರುವಾಯ್ತೇನೋ? ಆ ಅಟ್ಟದವರು ಕಾಯಿಸೋಕೆ ಶುರು ಮಾಡಿದ್ರಂತಾ?"