ಬೆರಳು ಹೇಳುವ ಮಾತು

ಮೂವತ್ತು ವರ್ಷ ಮಕ್ಕಳ ಕಾಪಿ ಪುಸ್ತಕ ತಿದ್ದಿದವಳಿಗೆ ಬೇರೆ ವಿದ್ಯೆ ಬರದಿದ್ದರೂ ಅಕ್ಷರ ನೋಡಿ ಕೈ ಯಾರದೆಂದು ಹೇಳುವ ವಿದ್ಯೆ ಬಂದೇ ಬರುತ್ತದೆ. ಅದಕ್ಕೇ ಇರಬೇಕು, ನಮ್ಮಕ್ಕ ಬರೆದ ದಿನಸಿ ಚೀಟಿ ನೋಡಿ ನನ್ನ ಕಣ್ಣು ಅಲ್ಲೇ ನಿಂತಿತು. ಮೇಲಿನ ‘ತೊಗರಿಬೇಳೆ’ ದುಂಡಗಿತ್ತು. ಕೊನೆಯ ‘ಕೊಬ್ಬರಿ ಎಣ್ಣೆ’ಗೆ ಬರುವಷ್ಟರಲ್ಲಿ ಅಕ್ಷರ ಸಾಸಿವೆ ಕಾಳಾಗಿತ್ತು.

ಅಕ್ಕನ ಗೋಳು ಬೇರೆ. “ಈ ಫೋನು ಕೆಟ್ಟಿದೆ ಕಣೇ. ಒಂದಕ್ಷರ ಒತ್ತಿದರೆ ಎರಡೆರಡು ಬೀಳುತ್ತೆ” ಎನ್ನುತ್ತಿದ್ದಳು. ಅಂಗಡಿಯ ಹುಡುಗ ಫೋನು ಚೆನ್ನಾಗಿಯೇ ಇದೆಯೆಂದ. “ವಯಸ್ಸಾಯಿತಲ್ಲ” ಎಂದರು ಭಾವ. ಅವರು ಅಕ್ಕನಿಗಿಂತ ಆರು ವರ್ಷ ದೊಡ್ಡವರು!

ನಾನೇ ಅವಳನ್ನು ನರರೋಗ ತಜ್ಞರಲ್ಲಿಗೆ ಕರೆದೊಯ್ದೆ. ಅವರು ಹೆಬ್ಬೆರಳಿಗೆ ತೋರುಬೆರಳನ್ನು ಬೇಗಬೇಗ ತಟ್ಟಿಸಿದರು, ನಡೆಸಿ ನೋಡಿದರು. ಪಾರ್ಕಿನ್ಸನ್ ಕಾಯಿಲೆಯ ಆರಂಭವೆಂದರು. 1817ರಲ್ಲಿ ಇಂಗ್ಲೆಂಡಿನ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ರೋಗವಿದು. ನಮ್ಮಲ್ಲಿ ಕಂಪವಾತ ಎನ್ನುತ್ತಾರೆ. ಮಿದುಳಿನಲ್ಲಿ ಡೋಪಮಿನ್ ತಯಾರಿಸುವ ಜೀವಕೋಶಗಳು ಸವೆದಂತೆ ಚಲನೆ ನಿಧಾನವಾಗುತ್ತದೆ, ಬರವಣಿಗೆ ಕುಗ್ಗುತ್ತದೆ. ನಡುಕ ಕಣ್ಣಿಗೆ ಬೀಳುವ ಹೊತ್ತಿಗೆ ಅಂಥ ಎಷ್ಟೋ ಕೋಶಗಳು ಹೋಗಿಬಿಟ್ಟಿರುತ್ತವೆ.

ಫೋನಿನ ದೂರು ಕೇಳಿ ಡಾಕ್ಟರು ನಗಲಿಲ್ಲ. ಏಕೆಂದು ಆಮೇಲೆ ಓದಿ ತಿಳಿದೆ. 2015ರಲ್ಲಿ ಅಮೆರಿಕದಲ್ಲಿ ಶುರುವಾದ ‘ಎಂಪವರ್’ ಅಧ್ಯಯನದಲ್ಲಿ ಫೋನಿನ ಗಾಜಿನ ಮೇಲಿನ ಎರಡು ಗುರುತುಗಳನ್ನು ಎರಡು ಬೆರಳಿಂದ ಒಂದಾದ ಮೇಲೊಂದು ತಟ್ಟಿಸಿ, ವೇಗ ಮತ್ತು ಲಯ ಅಳೆದರು. ಮರುವರ್ಷ ಮಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ಕಂಪ್ಯೂಟರ್ ಕೀಲಿಗಳನ್ನು ಬೆರಳು ಎಷ್ಟು ಹೊತ್ತು ಒತ್ತಿ ಹಿಡಿಯುತ್ತದೆಂದು ಲೆಕ್ಕ ಹಾಕಿದರು. ಕಾಯಿಲೆಯ ಆರಂಭದಲ್ಲಿದ್ದವರಲ್ಲಿ ಆ ಹೊತ್ತು ಏರುಪೇರಾಗಿತ್ತು. ಏನು ಬರೆದರೆಂಬುದು ಅವರಿಗೆ ಬೇಕಿರಲಿಲ್ಲ. ಬೆರಳು ಹೇಗೆ ಎದ್ದು ಇಳಿಯಿತೆಂಬುದು ಸಾಕಿತ್ತು.

ಹಾಗೆಂದು ಫೋನು ಡಾಕ್ಟರಲ್ಲ. ಸಂಧಿವಾತಕ್ಕೂ, ಬರೀ ದಣಿವಿಗೂ ಬೆರಳು ಸೋಲುತ್ತದೆ. ರೋಗವೆಂದು ಹೇಳಬೇಕಾದವರು ಪರೀಕ್ಷಿಸಿದ ವೈದ್ಯರೇ.

ಅಕ್ಕ ಈಗ ಮಾತ್ರೆ ನುಂಗುತ್ತಾಳೆ, ವ್ಯಾಯಾಮ ಮಾಡುತ್ತಾಳೆ. ಕಾಯಿಲೆ ವಾಸಿಯಾಗುವುದಲ್ಲ, ಆದರೆ ಸೀರೆಯ ನೆರಿಗೆಯನ್ನು ತಾನೇ ಹಿಡಿಯುತ್ತಾಳೆ. ಅವಳಿಗೆ ಅದು ಸಣ್ಣ ವಿಷಯವಲ್ಲ.

ಮನೆಮಂದಿಗೆಲ್ಲ ದುಡಿದ ಕೈ ನಿಧಾನವಾದರೆ ವಯಸ್ಸು ಎಂದುಬಿಡುವುದು ಸುಲಭ. ಹೂ ಕಟ್ಟಲು, ಗುಂಡಿ ಹಾಕಲು ಹೊತ್ತಾಗುತ್ತಿದೆಯೆಂದು ಅಮ್ಮನೋ ಅತ್ತೆಯೋ ಹೇಳಿದರೆ ಒಮ್ಮೆ ಕೈ ಹಿಡಿದು ನೋಡಿ. ಆಮೇಲೆ ಡಾಕ್ಟರಲ್ಲಿಗೆ ಜೊತೆಯಲ್ಲಿ ಹೋಗಿ.